ಇಮಾಮ್ ಶಾಫಿಈ(ರ): ಅನಾಥ ಬಾಲಕ ಮತ್ತು ಅವರ ತಾಯಿ

ಎಸೆಸೆಲ್ಸಿ ಫಲಿತಾಂಶ ಬಂದ ಮರುದಿನ ನಮ್ಮ ಮನೆಗಳಲ್ಲಿ ನಡೆಯುವ ಮಾತುಕತೆ ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತದೆ. ಊರು ಬಂಟ್ವಾಳವಾಗಿರಲಿ, ಬೆಳ್ತಂಗಡಿಯಾಗಿರಲಿ, ಮೂಡುಬಿದಿರೆಯಾಗಿರಲಿ. ಜಗಲಿಯಲ್ಲಿ ಮಾವ, ಚಿಕ್ಕಪ್ಪಂದಿರು ಕುಳಿತಿರುತ್ತಾರೆ. ಹುಡುಗನಿಗೆ ಪಾಸ್‌ಪೋರ್ಟ್ ಮಾಡಿಸಿ ಗಲ್ಫಿಗೆ ಕಳುಹಿಸೋಣ ಎಂದು ಒಬ್ಬರು ಹೇಳುತ್ತಾರೆ. ಅಂಗಡಿಯಲ್ಲಿ ಕೂರಿಸಿದರೆ ವ್ಯಾಪಾರ ಕಲಿಯುತ್ತಾನೆ ಎಂದು ಇನ್ನೊಬ್ಬರು ಸೂಚಿಸುತ್ತಾರೆ. ಹುಡುಗಿಯಾದರೆ ಮಾತು ಇನ್ನೂ ಬೇಗ ಮುಗಿಯುತ್ತದೆ. ಒಳಗೆ ಬೀಡಿಯ ತಡ್ಪೆಯನ್ನು ಮಡಿಲಲ್ಲಿಟ್ಟುಕೊಂಡ ತಾಯಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾಳೆ, ಏನೂ ಹೇಳುವುದಿಲ್ಲ. ಬಾಗಿಲ ಮರೆಯಲ್ಲಿ ನಿಂತ ಹದಿನಾರರ ಮಗುವನ್ನಂತೂ ಯಾರೂ ಕೇಳುವುದಿಲ್ಲ.

ಇಂತಹ ಮನೆಗಳಲ್ಲಿ ಪ್ರತಿದಿನ ಉಚ್ಚರಿಸಲ್ಪಡುವ ಹೆಸರೊಂದಿದೆ. ನಮ್ಮ ಕರಾವಳಿಯ ಬಹುತೇಕ ಮುಸ್ಲಿಮರು ಅನುಸರಿಸುವ ಮದ್‌ಹಬ್ ಶಾಫಿಈ. ವುಝೂ, ನಮಾಝ್, ಉಪವಾಸ, ಝಕಾತ್, ಎಲ್ಲದರಲ್ಲೂ ನಾವು ಆ ಇಮಾಮರ ಕರ್ಮಶಾಸ್ತ್ರವನ್ನು ಅವಲಂಬಿಸುತ್ತೇವೆ. ಮದ್ರಸದ ಎಳೆಯ ಮಕ್ಕಳಿಗೂ ಅವರ ಹೆಸರು ಗೊತ್ತು. ಆದರೆ ಅವರ ಹದಿಹರೆಯ ಹೇಗಿತ್ತು? ಅವರು ಯಾವ ಮನೆಯಿಂದ ಬಂದರು? ಅವರ ವಿದ್ಯೆಗೆ ಹಣ ಎಲ್ಲಿಂದ ಬಂತು? ಈ ಪ್ರಶ್ನೆಗಳನ್ನು ನಾವು ಕೇಳಿಕೊಂಡದ್ದು ಕಡಿಮೆ. ಕೇಳಿಕೊಂಡರೆ ನಮ್ಮ ಜಗಲಿಯ ಮಾತುಕತೆಯೇ ಬದಲಾಗಬಹುದು.

ಗಾಝಾದಿಂದ ಮಕ್ಕಾಕ್ಕೆ

ಮುಹಮ್ಮದ್ ಬಿನ್ ಇದ್ರೀಸ್ ಅಶ್ಶಾಫಿಈ(ರ) ಹುಟ್ಟಿದ್ದು ಹಿಜ್ರಿ 150ರಲ್ಲಿ (ಕ್ರಿ.ಶ. 767), ಫೆಲೆಸ್ತೀನಿನ ಗಾಝಾದಲ್ಲಿ. ಮಹಾನ್ ವಿದ್ವಾಂಸ ಇಮಾಮ್ ಅಬೂ ಹನೀಫಾ(ರ) ನಿಧನರಾದದ್ದೂ ಅದೇ ವರ್ಷ. ತಂದೆಯ ಕಡೆಯಿಂದ ಅವರು ಖುರೈಶ್ ಗೋತ್ರದವರು. ಅವರ ವಂಶ ಪ್ರವಾದಿ ಮುಹಮ್ಮದ್(ಸ)ರ ವಂಶದೊಂದಿಗೆ ಅಬ್ದು ಮನಾಫ್‌ರಲ್ಲಿ ಸೇರುತ್ತದೆ. ಕುಲ ದೊಡ್ಡದು, ಆದರೆ ಮನೆಯಲ್ಲಿ ಏನೂ ಇರಲಿಲ್ಲ. ಮಗು ಇನ್ನೂ ತೊಟ್ಟಿಲಲ್ಲಿದ್ದಾಗಲೇ ತಂದೆ ತೀರಿಕೊಂಡರು.

ತಾಯಿ ಯಮನ್ ಮೂಲದ ಅಝ್ದ್ ಗೋತ್ರದವರು. ಪರಊರಿನಲ್ಲಿ ಕೈಗೂಸಿನೊಂದಿಗೆ ಉಳಿದ ಬಡ ವಿಧವೆ. ಯಾರದಾದರೂ ಆಶ್ರಯದಲ್ಲಿ ಹೇಗೋ ದಿನ ದೂಡಿ, ಮಗು ದೊಡ್ಡವನಾದ ಮೇಲೆ ದುಡಿಮೆಗೆ ಹಚ್ಚಿದ್ದರೆ ಅವರನ್ನು ಯಾರೂ ದೂರುತ್ತಿರಲಿಲ್ಲ. ಆದರೆ ಮಗುವಿಗೆ ಎರಡು ವರ್ಷವಾದಾಗ ಅವರೊಂದು ತೀರ್ಮಾನ ಕೈಗೊಂಡರು. ಸಾವಿರ ಕಿಲೋಮೀಟರಿಗೂ ಮಿಕ್ಕಿದ ಮರಳುಗಾಡನ್ನು ದಾಟಿ ಮಗನನ್ನು ಮಕ್ಕಾಕ್ಕೆ ಕರೆದೊಯ್ದರು. ಮಗ ತನ್ನ ಕುಲದವರ ನಡುವೆ ಬೆಳೆಯಬೇಕು, ತಾನು ಯಾರೆಂಬುದನ್ನು ಮರೆಯಬಾರದು ಎಂಬುದು ಅವರ ಉದ್ದೇಶವಾಗಿತ್ತು. ಮಕ್ಕಾ ಆ ಕಾಲದಲ್ಲಿ ವಿದ್ವಾಂಸರ ನಗರವೂ ಆಗಿತ್ತು. ಮಸ್ಜಿದುಲ್ ಹರಾಮ್‌ನ ಒಂದೊಂದು ಕಂಬದ ಬಳಿಯೂ ಒಬ್ಬೊಬ್ಬ ಗುರುವಿನ ಪಾಠ ನಡೆಯುತ್ತಿತ್ತು.

ಆ ತಾಯಿ ಎಂತಹವರೆಂಬುದನ್ನು ತಿಳಿಸುವ ಒಂದು ಪ್ರಸಂಗವನ್ನು ಚರಿತ್ರೆಕಾರರು ದಾಖಲಿಸಿದ್ದಾರೆ. ಒಮ್ಮೆ ಅವರು ಮತ್ತೊಬ್ಬ ಮಹಿಳೆಯೊಂದಿಗೆ ಮಕ್ಕಾದ ಖಾಝಿಯ ಮುಂದೆ ಸಾಕ್ಷಿ ನುಡಿಯಲು ಹೋಗಿದ್ದರು. ಖಾಝಿಯು ಇಬ್ಬರನ್ನೂ ಬೇರೆ ಬೇರೆಯಾಗಿ ವಿಚಾರಿಸಲು ಬಯಸಿದರು. ತಾಯಿ ಒಪ್ಪಲಿಲ್ಲ. ಒಬ್ಬಳು ಮರೆತರೆ ಇನ್ನೊಬ್ಬಳು ನೆನಪಿಸಬೇಕೆಂದು ಕುರ್‌ಆನ್ ಹೇಳಿರುವಾಗ ನಮ್ಮನ್ನು ಬೇರ್ಪಡಿಸುವುದು ಹೇಗೆ ಸರಿ ಎಂದು ಪ್ರಶ್ನಿಸಿದರು. ಖಾಝಿ ಆ ಮಾತಿಗೆ ತಲೆಬಾಗಿದರು. ಕೈಯಲ್ಲಿ ಕಾಸಿಲ್ಲದಿದ್ದರೂ ಅವರ ಬಳಿ ಅರಿವಿತ್ತು, ಧೈರ್ಯವಿತ್ತು. ಮಗ ಮೊದಲು ಕಲಿತದ್ದು ಅದನ್ನೇ.

ಶುಲ್ಕ ಕೊಡಲಾಗದ ವಿದ್ಯಾರ್ಥಿ

ತಾಯಿ ಮಗನನ್ನು ಓದಲು ಕಳುಹಿಸಿದರು, ಆದರೆ ಉಸ್ತಾದರಿಗೆ ಕೊಡಲು ಅವರಲ್ಲಿ ಹಣವಿರಲಿಲ್ಲ. ಶುಲ್ಕ ಕೊಡದ ಮಗುವಿನ ಕಡೆಗೆ ಉಸ್ತಾದರ ಗಮನವೂ ಅಷ್ಟಕ್ಕಷ್ಟೇ ಆಗಿತ್ತು. ಬಾಲಕ ಶಾಫಿಈ ಒಂದು ಮೂಲೆಯಲ್ಲಿ ಕುಳಿತು ಬೇರೆ ಮಕ್ಕಳಿಗೆ ಹೇಳಿಕೊಡುತ್ತಿದ್ದ ಪಾಠವನ್ನು ಆಲಿಸುತ್ತಿದ್ದರು. ಉಸ್ತಾದರು ಪಾಠ ಮುಗಿಸುವುದರೊಳಗೆ ಅದು ಅವರಿಗೆ ಕಂಠಪಾಠವಾಗಿರುತ್ತಿತ್ತು. ಉಸ್ತಾದರು ಎದ್ದು ಹೋದಾಗ ಉಳಿದ ಮಕ್ಕಳಿಗೆ ಅದೇ ಪಾಠವನ್ನು ಅವರೇ ಹೇಳಿಕೊಡುತ್ತಿದ್ದರು. ಇದನ್ನು ಕಂಡ ಉಸ್ತಾದರು ಈ ಹುಡುಗ ತನಗೆ ಮಾಡುವ ಸಹಾಯವೇ ಶುಲ್ಕಕ್ಕಿಂತ ಮಿಗಿಲೆಂದು ತಿಳಿದು ಹಣ ಕೇಳುವುದನ್ನು ನಿಲ್ಲಿಸಿದರು.

ಏಳನೆಯ ವಯಸ್ಸಿಗೆ ಕುರ್‌ಆನ್ ಪೂರ್ತಿ ಕಂಠಪಾಠವಾಯಿತು. ಬಳಿಕ ಮಸ್ಜಿದ್‌ಗೆ ಹೋಗಿ ವಿದ್ವಾಂಸರ ನಡುವೆ ಕುಳಿತು ಹದೀಸ್‌ಗಳನ್ನು ಕೇಳತೊಡಗಿದರು. ಕೇಳಿದ್ದನ್ನು ಬರೆದಿಡಬೇಕಲ್ಲ, ಕಾಗದ ಕೊಳ್ಳಲು ಹಣವೆಲ್ಲಿ? ದಾರಿಯಲ್ಲಿ ಬಿದ್ದ ಅಗಲವಾದ ಮೂಳೆಗಳನ್ನು ಆಯ್ದು ತಂದು ಅವುಗಳ ಮೇಲೆ ಬರೆಯುತ್ತಿದ್ದರು. ಬರೆದು ತುಂಬಿದ ಮೂಳೆಗಳನ್ನು ಮನೆಯಲ್ಲಿದ್ದ ಹಳೆಯ ಹಂಡೆಯೊಂದಕ್ಕೆ ಹಾಕುತ್ತಿದ್ದರು. ಸರಕಾರಿ ಕಚೇರಿಗೆ ಹೋಗಿ ಒಂದು ಮಗ್ಗುಲು ಬರೆದು ಬಿಸಾಡಿದ ಹಾಳೆಗಳನ್ನು ಬೇಡಿ ತಂದು ಹಿಂಬದಿಯಲ್ಲಿ ಬರೆದದ್ದೂ ಉಂಟು.

ಇಲ್ಲಿ ತುಸು ನಿಂತು ಯೋಚಿಸೋಣ. ಅದು ಬಡವರ ಇಕ್ಕಟ್ಟಾದ ಮನೆ. ಅದರೊಳಗೆ ಒಂದು ಹಂಡೆ ತುಂಬ ಮೂಳೆ. ಇದೇನು ಕಸ ಎಂದು ತಾಯಿ ಒಂದು ದಿನ ಎತ್ತಿ ಹೊರಗೆಸೆದಿದ್ದರೆ? ಅವರು ಎಸೆಯಲಿಲ್ಲ. ಮಗನ ಆಸೆಗೆ ಮನೆಯಲ್ಲಿ ಒಂದಿಷ್ಟು ಜಾಗ ಬಿಟ್ಟುಕೊಟ್ಟರು. ಹೆತ್ತವರ ಪ್ರೋತ್ಸಾಹವೆಂದರೆ ದೊಡ್ಡ ಭಾಷಣವಲ್ಲ. ಎಷ್ಟೋ ಸಲ ಅದು ಓದುವ ಮಗುವಿಗೆ ಬಿಟ್ಟುಕೊಟ್ಟ ಒಂದು ಮೂಲೆ, ಒಂದು ದೀಪ, ಸ್ವಲ್ಪ ಹೊತ್ತು ಆರಿಸಿಟ್ಟ ಟಿ.ವಿ., ಅಷ್ಟೆ.

ದಾರಿ ಬದಲಾದದ್ದು

ಇನ್ನೂ ಎಳೆಯ ಪ್ರಾಯದಲ್ಲೇ ಅವರು ಮಕ್ಕಾದ ಹೊರಗಿನ ಮರುಭೂಮಿಯಲ್ಲಿದ್ದ ಹುದೈಲ್ ಗೋತ್ರದವರ ಜೊತೆ ಹೋಗಿ ಬಾಳಿದರು. ಶುದ್ಧ ಅರಬಿ ಭಾಷೆಗೆ ಆ ಗೋತ್ರ ಹೆಸರುವಾಸಿ. ಅವರೊಂದಿಗೆ ಅಲೆದು ಭಾಷೆಯನ್ನು, ಕವಿತೆಗಳನ್ನು, ಹಳೆಯ ಕಥನಗಳನ್ನು ಕಲಿತರು. ಬಿಲ್ಲುಗಾರಿಕೆಯಲ್ಲೂ ಪಳಗಿದರು. ಹತ್ತು ಬಾಣ ಬಿಟ್ಟರೆ ಹತ್ತೂ ಗುರಿ ತಲುಪುವಷ್ಟು ಕೈ ನುರಿಯಿತು.

ಮಕ್ಕಾಕ್ಕೆ ಹಿಂದಿರುಗಿದಾಗ ಅವರ ಬಾಯಲ್ಲಿ ಕವಿತೆಗಳೇ ತುಂಬಿದ್ದವು. ಆಗ ಹಿರಿಯರೊಬ್ಬರು ಇಷ್ಟು ಚುರುಕು ಬುದ್ಧಿ ಮತ್ತು ಭಾಷೆಯ ಹಿಡಿತ ಕರ್ಮಶಾಸ್ತ್ರಕ್ಕೆ ಒದಗಿದರೆ ಎಷ್ಟು ಚೆನ್ನ ಎಂದು ಸೂಚಿಸಿದರು. ಆ ಒಂದು ಮಾತು ಹುಡುಗನ ಮನಸ್ಸಿಗೆ ನಾಟಿತು. ಮಕ್ಕಾದ ಮುಫ್ತಿಯಾಗಿದ್ದ ಮುಸ್ಲಿಮ್ ಬಿನ್ ಖಾಲಿದ್ ಅಝ್ಝಂಜಿ, ಹದೀಸ್ ವಿದ್ವಾಂಸ ಸುಫ್ಯಾನ್ ಬಿನ್ ಉಯೈನಾ ಮೊದಲಾದವರ ಬಳಿ ಅವರು ಕಲಿಯತೊಡಗಿದರು. ಹದಿನೈದರ ಪ್ರಾಯದಲ್ಲೇ ಫತ್ವಾ ನೀಡಲು ಗುರುಗಳಿಂದ ಅನುಮತಿ ದೊರೆಯಿತೆಂಬುದು ಪ್ರಸಿದ್ಧ ವರದಿ.

ಕವಿತೆ ಕಲಿತ ವರ್ಷಗಳು ವ್ಯರ್ಥವಾದುವೇ? ಇಲ್ಲ. ಮುಂದೆ ಕುರ್‌ಆನ್ ಮತ್ತು ಹದೀಸ್‌ಗಳ ಪದಪದದ ಅರ್ಥವನ್ನು ಬಿಡಿಸುವಾಗ ಆ ಭಾಷಾಜ್ಞಾನವೇ ಅವರ ಬಲವಾಯಿತು. ಹದಿಹರೆಯದಲ್ಲಿ ಮಕ್ಕಳು ಒಂದು ವಿಷಯದಿಂದ ಇನ್ನೊಂದಕ್ಕೆ ತಿರುಗುವುದನ್ನು ಕಂಡು ನಾವು ಬೇಗನೆ ಸಿಟ್ಟಾಗುತ್ತೇವೆ. ಮನಸ್ಸಿಟ್ಟು ಕಲಿತದ್ದು ಎಲ್ಲಿಯೋ ಒಂದು ಕಡೆ ಉಪಯೋಗಕ್ಕೆ ಬಂದೇ ಬರುತ್ತದೆ.

ಮದೀನಾದ ಬಾಗಿಲಲ್ಲಿ

ಆ ಕಾಲದಲ್ಲಿ ಮದೀನಾದ ಇಮಾಮ್ ಮಾಲಿಕ್(ರ)ರಿಗಿಂತ ದೊಡ್ಡ ಹೆಸರು ಆ ನಾಡಿನಲ್ಲಿರಲಿಲ್ಲ. ಅವರ ಬಳಿ ಕಲಿಯಬೇಕೆಂಬ ಆಸೆ ಯುವಕ ಶಾಫಿಈಯವರಲ್ಲಿ ಬೆಳೆಯಿತು. ಆದರೆ ಅವರು ಬರಿಗೈಯಲ್ಲಿ ಹೊರಡಲಿಲ್ಲ. ಮೊದಲು ಇಮಾಮ್ ಮಾಲಿಕ್‌ರ ಮುವತ್ತಾ ಗ್ರಂಥದ ಪ್ರತಿಯನ್ನು ಎರವಲು ತಂದು ಪೂರ್ತಿ ಕಂಠಪಾಠ ಮಾಡಿದರು. ಅನಂತರ ಮಕ್ಕಾದ ಗವರ್ನರರಿಂದ ಮದೀನಾದ ಗವರ್ನರರಿಗೆ ಒಂದು ಶಿಫಾರಸು ಪತ್ರ ಪಡೆದರು. ಮದೀನಾದ ಗವರ್ನರರಿಗೆ ಆ ಪತ್ರ ಓದಿ ಅಳುಕು. ಮಾಲಿಕ್‌ರ ಬಾಗಿಲಲ್ಲಿ ನಿಂತು ಕಾಯುವುದಕ್ಕಿಂತ ಮಕ್ಕಾದವರೆಗೆ ಬರಿಗಾಲಲ್ಲಿ ನಡೆಯುವುದೇ ಅವರಿಗೆ ಹಗುರವೆನಿಸಿತಂತೆ. ಅಧಿಕಾರಿಯೇ ಅಳುಕಿದ ಆ ಬಾಗಿಲಿಗೆ ಬಡ ಯುವಕ ಅಳುಕದೆ ಹೋದರು.

ಇಮಾಮ್ ಮಾಲಿಕ್‌ರಿಗೆ ಶಿಫಾರಸು ಪತ್ರ ಹಿಡಿಸಲಿಲ್ಲ. ಪ್ರವಾದಿ(ಸ)ರ ಜ್ಞಾನಕ್ಕೂ ಶಿಫಾರಸು ಬೇಕಾಯಿತೇ ಎಂದು ಬೇಸರಪಟ್ಟರು. ಯುವಕ ಮುಂದೆ ಬಂದು ತನ್ನ ಸ್ಥಿತಿಯನ್ನೂ ಆಸೆಯನ್ನೂ ವಿನಯದಿಂದ ತಿಳಿಸಿದರು. ಮರುದಿನ ಓದಿ ಹೇಳಬಲ್ಲ ಒಬ್ಬರನ್ನು ಕರೆದುಕೊಂಡು ಬರುವಂತೆ ಮಾಲಿಕ್ ಹೇಳಿದಾಗ ತಾನೇ ಓದುವೆನೆಂದು ಉತ್ತರಿಸಿದರು. ಓದತೊಡಗಿದಾಗ ಮಾಲಿಕ್‌ರಿಗೆ ಆಶ್ಚರ್ಯ. ದಣಿವಾದೀತೆಂದು ಯುವಕ ನಿಲ್ಲಿಸಲು ಹೊರಟಾಗಲೆಲ್ಲ ಇನ್ನಷ್ಟು ಓದುವಂತೆ ಹೇಳುತ್ತಿದ್ದರು. ಅಲ್ಲಾಹನು ಈ ಹೃದಯದಲ್ಲಿ ಒಂದು ಬೆಳಕನ್ನಿರಿಸಿದ್ದಾನೆ, ಪಾಪದಿಂದ ಅದನ್ನು ಆರಿಸಬಾರದೆಂದು ಉಪದೇಶಿಸಿದರು.

ಆತ್ಮವಿಶ್ವಾಸ ಮತ್ತು ಅಹಂಕಾರದ ನಡುವಿನ ಗೆರೆ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ತನ್ನಿಂದ ಸಾಧ್ಯವೆಂದು ಆ ಯುವಕನಿಗೆ ಅನಿಸಿದ್ದು ತಾನು ದೊಡ್ಡ ಕುಲದವನೆಂಬ ಕಾರಣಕ್ಕಲ್ಲ. ಗ್ರಂಥ ಆಗಲೇ ಎದೆಯಲ್ಲಿತ್ತು, ಅದಕ್ಕಾಗಿ ರಾತ್ರಿಗಳನ್ನು ಸವೆಸಿಯಾಗಿತ್ತು. ಅದೇ ಯುವಕ ಗುರುವಿನ ಮುಂದೆ ಕುಳಿತಾಗ ಹಾಳೆಯ ಸದ್ದೂ ಕೇಳಿಸದಂತೆ ಮೆಲ್ಲನೆ ಪುಟ ಮಗುಚುತ್ತಿದ್ದರು. ಹಿಜ್ರಿ 179ರಲ್ಲಿ (ಕ್ರಿ.ಶ. 795) ಇಮಾಮ್ ಮಾಲಿಕ್(ರ) ನಿಧನರಾಗುವ ತನಕ ಆ ಗುರು-ಶಿಷ್ಯ ಸಂಬಂಧ ಮುಂದುವರಿಯಿತು.

ಹದಿನಾರು ದೀನಾರ್

ಗುರುಗಳು ತೀರಿಕೊಂಡಾಗ ಶಾಫಿಈಯವರಿಗೆ ಇಪ್ಪತ್ತೊಂಬತ್ತು ವರ್ಷ. ವಿದ್ಯೆ ಸಾಕಷ್ಟಿತ್ತು, ಜೀವನೋಪಾಯವಿರಲಿಲ್ಲ. ಆಗ ಯಮನ್‌ನ ಅಧಿಕಾರಿಯೊಬ್ಬರೊಂದಿಗೆ ಹೋಗಿ ಕೆಲಸಕ್ಕೆ ಸೇರುವ ಅವಕಾಶ ಬಂತು. ಪ್ರಯಾಣಕ್ಕೆ, ಉಡುಪಿಗೆ ಹಣ ಬೇಕು. ತಾಯಿಯ ಬಳಿ ಕೊಡಲು ಏನೂ ಇರಲಿಲ್ಲ. ಕೊನೆಗೆ ಮನೆಯನ್ನೇ ಹದಿನಾರು ದೀನಾರಿಗೆ ಅಡವಿಡಲಾಯಿತು. ಅಡವಿಟ್ಟದ್ದು ತಾಯಿಯ ಮೇಲುಹೊದಿಕೆಯೆಂದೂ ಒಂದು ವರದಿಯಿದೆ.

ಬ್ಯಾಂಕಿನಲ್ಲಿ ಮದುವೆಯ ಚಿನ್ನವನ್ನಿಟ್ಟು ಮಗನ ಕಾಲೇಜು ಫೀಸು ಕಟ್ಟಿದ ತಾಯಂದಿರು, ಬೀಡಿ ಬ್ರಾಂಚಿನಿಂದ ವಾರಕ್ಕೊಮ್ಮೆ ತಂದ ಹಣದಲ್ಲಿ ಮಗಳ ಬಸ್ ಪಾಸಿಗೆ ಬೇರೆ ತೆಗೆದಿಟ್ಟ ತಾಯಂದಿರು ನಮ್ಮ ಮೂರೂ ಊರುಗಳಲ್ಲಿದ್ದಾರೆ. ಹನ್ನೆರಡು ಶತಮಾನಗಳ ಹಿಂದಿನ ಆ ತಾಯಿಯ ಕಥೆಯನ್ನು ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಯಮನ್‌ನ ನಜ್ರಾನ್‌ನಲ್ಲಿ ಶಾಫಿಈಯವರು ನ್ಯಾಯವಾಗಿ ಕೆಲಸ ಮಾಡಿದರು. ಮುಖಸ್ತುತಿಗೆ, ಉಡುಗೊರೆಗೆ ಬಗ್ಗದ ಅಧಿಕಾರಿಗೆ ಶತ್ರುಗಳು ಹುಟ್ಟಿಕೊಳ್ಳುವುದು ಸಹಜ. ಖಲೀಫರ ವಿರುದ್ಧ ಸಂಚು ಮಾಡಿದ ಆರೋಪ ಹೊರಿಸಿ ಹಿಜ್ರಿ 184ರಲ್ಲಿ ಅವರನ್ನು ಬೇಡಿ ತೊಡಿಸಿ ಹಾರೂನ್ ರಶೀದ್‌ರ ಮುಂದೆ ನಿಲ್ಲಿಸಲಾಯಿತು. ಜೊತೆಗಿದ್ದವರು ತಲೆ ಕಳೆದುಕೊಂಡರು. ಶಾಫಿಈಯವರ ನೇರ ಮಾತು ಮತ್ತು ಖಾಝಿ ಮುಹಮ್ಮದ್ ಬಿನ್ ಹಸನ್ ಅಶ್ಶೈಬಾನಿಯವರ ಬೆಂಬಲ ಅವರನ್ನು ಉಳಿಸಿತು.

ಮೂವತ್ತನಾಲ್ಕರ ಪ್ರಾಯದಲ್ಲಿ ಕೆಲಸ ಹೋಯಿತು, ಜೀವ ಮಾತ್ರ ಉಳಿಯಿತು. ಅಲ್ಲಿಗೆ ಬದುಕು ಮುಗಿಯಿತೆಂದು ಅವರು ಕುಸಿದು ಕೂರಲಿಲ್ಲ. ತನ್ನನ್ನು ಉಳಿಸಿದ ಅದೇ ಶೈಬಾನಿಯವರ ಮುಂದೆ ಮತ್ತೆ ವಿದ್ಯಾರ್ಥಿಯಾಗಿ ಕುಳಿತರು. ಇರಾಕಿನ ವಿದ್ವಾಂಸರ ಚಿಂತನೆಯನ್ನು ಕಲಿತು ಒಂದು ಒಂಟೆ ಹೊರೆಯಷ್ಟು ಬರಹಗಳೊಂದಿಗೆ ಮಕ್ಕಾಕ್ಕೆ ಮರಳಿದರು. ಮದೀನಾದ ಹದೀಸ್ ಜ್ಞಾನ ಮತ್ತು ಇರಾಕಿನ ತರ್ಕ ಒಬ್ಬರಲ್ಲೇ ಕೂಡಿಕೊಂಡದ್ದು ಹೀಗೆ. ನೌಕರಿ ತಪ್ಪಿದ್ದರಿಂದಲೇ ಇಮಾಮ್ ಶಾಫಿಈ(ರ) ಮತ್ತೆ ಜ್ಞಾನದ ದಾರಿಗೆ ಬಂದರು.

ಮುಂದೆ ಅವರು ಮಸ್ಜಿದುಲ್ ಹರಾಮ್‌ನಲ್ಲಿ ಪಾಠ ಹೇಳಿದರು. ಇಮಾಮ್ ಅಹ್ಮದ್ ಬಿನ್ ಹಂಬಲ್(ರ) ಅವರಿಂದ ಕಲಿತರು. ಹಿಜ್ರಿ 195ರಲ್ಲಿ ಬಗ್ದಾದ್‌ಗೂ ಹಿಜ್ರಿ 199ರ ವೇಳೆಗೆ ಈಜಿಪ್ಟಿಗೂ ಹೋದರು. ಕರ್ಮಶಾಸ್ತ್ರದ ಮೂಲತತ್ವಗಳನ್ನು ನಿರೂಪಿಸುವ ಅರ್ರಿಸಾಲ ಮತ್ತು ಬೃಹತ್ ಗ್ರಂಥ ಅಲ್ ಉಮ್ಮ್ ಅವರ ಕೊಡುಗೆಗಳು. ಈಜಿಪ್ಟಿನಲ್ಲಿ ತನ್ನ ಎಷ್ಟೋ ಹಳೆಯ ಅಭಿಪ್ರಾಯಗಳನ್ನು ಅವರೇ ಬದಲಿಸಿದರು. ತಪ್ಪನ್ನು ತಿದ್ದಿಕೊಂಡರೆ ಗೌರವ ಹೋದೀತೆಂಬ ಭಯ ಅವರಿಗಿರಲಿಲ್ಲ. ಇದೂ ಆತ್ಮವಿಶ್ವಾಸವೇ.

ನಿಧಾನವಾಗಿ ಕಲಿಯುವ ಶಿಷ್ಯ

ಈಜಿಪ್ಟಿನ ಅಮ್ರ್ ಬಿನ್ ಆಸ್ ಮಸ್ಜಿದ್‌ನಲ್ಲಿ ಫಜ್ರ್‌ನಿಂದ ಮಧ್ಯಾಹ್ನದ ತನಕ ಅವರ ಪಾಠ ನಡೆಯುತ್ತಿತ್ತು. ಕುರ್‌ಆನ್, ಹದೀಸ್, ಚರ್ಚೆ, ಭಾಷೆ ಹೀಗೆ ಒಂದರ ಹಿಂದೆ ಒಂದು ತಂಡ ಬಂದು ಹೋಗುತ್ತಿತ್ತು. ಆ ಶಿಷ್ಯರಲ್ಲಿ ರಬೀಅ್ ಅಲ್ ಮುರಾದಿ ಎಂಬ ಯುವಕರಿದ್ದರು. ಅವರಿಗೆ ವಿಷಯ ಬೇಗ ತಲೆಗೆ ಹತ್ತುತ್ತಿರಲಿಲ್ಲ. ಒಮ್ಮೆ ಒಂದೇ ವಿಷಯವನ್ನು ಇಮಾಮರು ನಲ್ವತ್ತು ಬಾರಿ ವಿವರಿಸಿದರೂ ಅವರಿಗೆ ಅರ್ಥವಾಗಲಿಲ್ಲವಂತೆ. ನಾಚಿಕೆಯಿಂದ ರಬೀಅ್ ಎದ್ದು ಹೊರನಡೆದರು. ಇಮಾಮರು ಅವರನ್ನು ಬೇರೆಯಾಗಿ ಕರೆದು ಕೂರಿಸಿ ತಿಳಿಯುವವರೆಗೂ ಹೇಳಿಕೊಟ್ಟರು.

ಇಂದು ಅಲ್ ಉಮ್ಮ್ ಗ್ರಂಥ ನಮ್ಮ ಕೈಗೆ ತಲುಪಿರುವುದು ಯಾರ ಮೂಲಕ? ಅದೇ ರಬೀಅ್‌ರ ಮೂಲಕ. ದಡ್ಡನೆಂದು ಆ ಯುವಕನನ್ನು ತರಗತಿಯಿಂದ ಹೊರಹಾಕಿದ್ದರೆ ನಷ್ಟ ಯಾರಿಗಾಗುತ್ತಿತ್ತು? ಶುಲ್ಕ ಕೊಡಲಾಗದೆ ಮೂಲೆಯಲ್ಲಿ ಕುಳಿತಿದ್ದ ದಿನಗಳನ್ನು ಇಮಾಮರು ಮರೆತಿರಲಿಲ್ಲವೆನಿಸುತ್ತದೆ.

ಹಿಜ್ರಿ 204ರ (ಕ್ರಿ.ಶ. 820) ರಜಬ್ ತಿಂಗಳ ಕೊನೆಯ ದಿನ ಐವತ್ತನಾಲ್ಕರ ಪ್ರಾಯದಲ್ಲಿ ಇಮಾಮ್ ಶಾಫಿಈ(ರ) ಇಹಲೋಕ ತ್ಯಜಿಸಿದರು. ಪ್ರವಾದಿ(ಸ)ರ ಮೊಮ್ಮಗ ಹಸನ್(ರ)ರ ವಂಶದ ವಿದುಷಿ ಸಯ್ಯಿದಾ ನಫೀಸಾ ಆಗ ಅದೇ ನಗರದಲ್ಲಿದ್ದರು. ಇಮಾಮರು ಅವರನ್ನು ಬಹಳ ಗೌರವಿಸುತ್ತಿದ್ದರು. ಮಯ್ಯಿತ್ತನ್ನು ಅವರ ಮನೆಗೆ ಒಯ್ಯಲಾಯಿತು, ಅವರೂ ಜನಾಝಾ ನಮಾಝ್ ನಿರ್ವಹಿಸಿದರು. ವಿದ್ಯಾವಂತ ತಾಯಿಯ ಮಡಿಲಲ್ಲಿ ಆರಂಭವಾದ ಬದುಕು ವಿದ್ಯಾವಂತ ಮಹಿಳೆಯ ಪ್ರಾರ್ಥನೆಯೊಂದಿಗೆ ಮುಗಿಯಿತು.

ನಮ್ಮ ಕರಾವಳಿಗೆ ಈ ಪಾಠ ಹೊಸತಲ್ಲ

ಅರಬಿ ಸಮುದ್ರದ ವ್ಯಾಪಾರಿಗಳೊಂದಿಗೆ ಶಾಫಿಈ ಮದ್‌ಹಬ್ ನಮ್ಮ ತೀರಕ್ಕೆ ಬಂತು. 1340ರ ದಶಕದಲ್ಲಿ ಈ ತೀರದಲ್ಲಿ ಸಂಚರಿಸಿದ ಇಬ್ನ್ ಬತೂತ ಹೊನ್ನಾವರದ ಮುಸ್ಲಿಮರು ಶಾಫಿಈಗಳೆಂದು ಬರೆದಿದ್ದಾರೆ. ಆ ಪಟ್ಟಣದಲ್ಲಿ ಹುಡುಗರಿಗೆ 23 ಮತ್ತು ಹುಡುಗಿಯರಿಗೆ 13 ಶಾಲೆಗಳನ್ನು ಕಂಡುದಾಗಿಯೂ, ಅಲ್ಲಿನ ಮಹಿಳೆಯರು ಕುರ್‌ಆನ್ ಕಂಠಪಾಠ ಮಾಡಿದವರೆಂದೂ ಹೇಳಿದ್ದಾರೆ. ಸುಮಾರು ಏಳು ಶತಮಾನಗಳ ಹಿಂದೆ, ಇದೇ ಕರಾವಳಿಯಲ್ಲಿ! ಹೆಣ್ಣುಮಕ್ಕಳ ಓದು ನಮ್ಮ ಪರಂಪರೆಯಲ್ಲಿಲ್ಲ ಎನ್ನುವವರು ಇದನ್ನು ತಿಳಿದಿರಲಿ.

ದೊಡ್ಡ ಸಾಧನೆ ದೊಡ್ಡ ನಗರದವರಿಗೆ ಮಾತ್ರ ಎನ್ನುವವರೂ ಇದ್ದಾರೆ. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಕನ್ನಡ ಅಧ್ಯಾಪಕರಾಗಿ, ಶಾಲಾ ಇನ್‌ಸ್ಪೆಕ್ಟರರಾಗಿ ದುಡಿದು, ಮಕ್ಕಳಿಗಾಗಿ ಕಥೆ-ಕವಿತೆ ಬರೆದು, 1934ರಲ್ಲಿ ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಇಂದು ಬಂಟ್ವಾಳದಲ್ಲಿ, ಬೆಳ್ತಂಗಡಿಯ ಉಜಿರೆಯಲ್ಲಿ, ಮೂಡುಬಿದಿರೆಯಲ್ಲಿ ಕಾಲೇಜುಗಳಿವೆ. ವಿದ್ಯೆ ಒಂದು ಬಸ್ಸಿನ ದೂರದಲ್ಲಿದೆ.

ಕಾಲೇಜು ಹತ್ತಿರವಾದರೂ ಮಗುವಿನ ಮನಸ್ಸು ದೂರ ನಿಂತಿರಬಹುದು. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ ಮತ್ತು ಸಂಗಡಿಗರು ಇಟಲಿಯ 272 ಮಕ್ಕಳನ್ನು ಅಧ್ಯಯನ ಮಾಡಿ 2001ರಲ್ಲಿ ವರದಿ ಪ್ರಕಟಿಸಿದರು. ಯಾವ ವೃತ್ತಿ ತನ್ನಿಂದ ಸಾಧ್ಯವೆಂದು ಮಗು ಭಾವಿಸುತ್ತದೆ ಎಂಬುದನ್ನು ನಿರ್ಧರಿಸುವಲ್ಲಿ ಅದು ಪಡೆದ ಅಂಕಗಳಿಗಿಂತಲೂ ಅದಕ್ಕೆ ತನ್ನ ಸಾಮರ್ಥ್ಯದ ಮೇಲಿರುವ ನಂಬಿಕೆ ಮುಖ್ಯವೆಂದು ಅವರು ಕಂಡರು. ಮನೆಯ ಆರ್ಥಿಕ ಸ್ಥಿತಿ ನೇರವಾಗಿ ಅಲ್ಲ, ಹೆತ್ತವರ ಆಸೆ ಮತ್ತು ವಿಶ್ವಾಸದ ಮೂಲಕ ಮಗುವಿನ ಮೇಲೆ ಪರಿಣಾಮ ಬೀರುತ್ತದೆಂದೂ ಕಂಡರು. ಅಂದರೆ ಬಡ ಮನೆಯೂ ಮಗುವಿಗೆ ದೊಡ್ಡ ಆಸೆಯನ್ನು ಕೊಡಬಲ್ಲುದು. ಗಾಝಾದಿಂದ ಹೊರಟ ಆ ತಾಯಿ ಇದನ್ನು ಯಾವ ಅಧ್ಯಯನವೂ ಇಲ್ಲದೆ ಅರಿತಿದ್ದರು.

ಮಾನ್ಯ ಹೆತ್ತವರೇ, ಎಲ್ಲ ಮಕ್ಕಳೂ ಇಮಾಮ್ ಶಾಫಿಈ ಆಗುವುದಿಲ್ಲ. ಆಗಬೇಕಾಗಿಯೂ ಇಲ್ಲ. ಗಲ್ಫಿಗೆ ಹೋಗುವುದಾಗಲಿ ಅಂಗಡಿ ನಡೆಸುವುದಾಗಲಿ ಕೀಳಲ್ಲ. ಹಲಾಲಾದ ದುಡಿಮೆಯೆಲ್ಲವೂ ಗೌರವದ್ದೇ. ಆದರೆ ಆ ತೀರ್ಮಾನ ಮಗುವಿನ ಬೆನ್ನ ಹಿಂದೆ ಆಗಬಾರದು. ಇಂದು ಇಶಾ ಮುಗಿದು ಊಟವಾದ ಮೇಲೆ ಮಗನನ್ನೋ ಮಗಳನ್ನೋ ಹತ್ತಿರ ಕೂರಿಸಿ ಏನಾಗಬೇಕೆಂದಿದ್ದೀ ಎಂದು ಕೇಳಿ. ಉತ್ತರ ಪೂರ್ತಿಯಾಗುವ ತನಕ ನಡುವೆ ಬಾಯಿ ಹಾಕಬೇಡಿ. ಆ ಆಸೆ ನಿಮಗೆ ಬರೇ ಮೂಳೆಗಳ ರಾಶಿಯಂತೆ ಕಂಡರೂ ತಕ್ಷಣ ಎತ್ತಿ ಹೊರಗೆಸೆಯಬೇಡಿ. ಮನೆಯಲ್ಲಿ ಅದಕ್ಕೊಂದು ಮೂಲೆ ಬಿಟ್ಟುಕೊಡಿ.

ಅಲ್ಲಾಹನು ನಮ್ಮ ಮಕ್ಕಳಿಗೆ ಪ್ರಯೋಜನಕಾರಿ ಜ್ಞಾನವನ್ನೂ, ಅದನ್ನು ಅರಸಿ ಹೊರಡುವ ಧೈರ್ಯವನ್ನೂ ಕರುಣಿಸಲಿ. ಆಮೀನ್.